ಹಳೇ ರೋಡು, ಅಣ್ಣನ ಅಂಗಡಿ, ಒಂದು ಪೋಡಿ ಅರ್ಜಿ



ಕಬ್ಬಿಗೆ ಎರಡನೇ ಸಲ ಮಣ್ಣು ಏರಿಸಿ ಮುಗೀತು. ನಮ್ಮ ತೂಬಿಗೆ ನೀರು ಬರೋಕೆ ಇನ್ನೂ ಎರಡು ದಿನ ಇದೆ. ಹಂಗಾಗಿ ಇವತ್ತು ಬೆಳೆ ವಿಚಾರ ಬಿಟ್ಟು ಬೇರೆ ಬರೀತಾ ಇದೀನಿ. ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ. ರಸ್ತೆ ಪಕ್ಕ ಜಮೀನು ಇರೋರು, ಅಣ್ಣ ತಮ್ಮಂದಿರು ಜಂಟಿ ಖಾತೇಲಿ ಇರೋರು ಕೊನೆವರೆಗೂ ಓದಿ.

ನಮ್ಮ ಹಳೇ ರೋಡು ನಿಮಗೆಲ್ಲ ಗೊತ್ತು. ಬೆಂಗಳೂರು ಮೈಸೂರು ರಸ್ತೆ, ಬೂದನೂರು ಕಡೆಯಿಂದ ಮಂಡ್ಯದೊಳಗೆ ನುಗ್ಗಿ ಇಂಡುವಾಳು ಕಡೆ ಹೊರಕ್ಕೆ ಹೋಗೋ ತುಂಡು. ಆ ತುದಿಯಿಂದ ಈ ತುದಿಗೆ ಹತ್ತು ಹನ್ನೆರಡು ಕಿಲೋಮೀಟ್ರು ಅಷ್ಟೇ. ಬೂದನೂರು ಕಡೆ ತುದೀಲಿ ರೋಡಿಗೆ ತಾಗಿಕೊಂಡು ನಮ್ಮಪ್ಪನ ಜಮೀನು. ಇನ್ನೊಂದು ತುದೀಲಿ, ಮೈಸೂರು ಕಡೆ, ನಮ್ಮಣ್ಣನ ಟೈರ್ ಅಂಗಡಿ, ಅದರ ಹಿಂದೇನೇ ಅವನ ಮನೆ. ಈ ಹನ್ನೆರಡು ಕಿಲೋಮೀಟ್ರು ದಾಟಿ ಅವನ ಮನೆ ಬಾಗಿಲಿಗೆ ನಾನು ಹೋಗದೆ ಹತ್ತಿರ ಇಪ್ಪತ್ತು ವರ್ಷ ಆಗಿತ್ತು. ಮೊನ್ನೆ ಭಾನುವಾರ ಹೋಗಿದ್ದೆ.

ಯಾಕೆ ಹೋದೆ ಅಂತ ಮೊದಲು ಹೇಳ್ತೀನಿ. ಹೋದ ಬುಧವಾರ ಲೇಔಟ್ ಮಾಡಿಸೋ ದಲ್ಲಾಳಿ ಒಬ್ಬ ನಮ್ಮ ಎಳನೀರು ಶೆಡ್ಡಿಗೆ ಬಂದ. ಎಳನೀರು ಕುಡಿದ, ದುಡ್ಡು ಕೊಟ್ಟ, ಆಮೇಲೆ ಮೆಲ್ಲಗೆ ಹೇಳಿದ: "ನಿಮ್ಮಣ್ಣೋರು ಒಪ್ಕಂಡವ್ರೆ, ಅಡ್ವಾನ್ಸೂ ಆಗೋಗದೆ. ರೋಡ್ ಕಡೆ ಅರ್ಧ ಅವರ್ದು ಅಂದ್ರು. ನೀವೂ ಸೈನ್ ಹಾಕಿದ್ರೆ ಹಿಂದಿನರ್ಧಕ್ಕೂ ಒಳ್ಳೆ ರೇಟ್ ಕೊಡಿಸ್ತೀನಿ, ಇಲ್ದಿದ್ರೆ ನಿಮ್ಗೆ ದಾರೀನೇ ಇರಲ್ಲ, ಯೋಚ್ನೆ ಮಾಡಿ."

ನನಗೆ ಎದೆ ಧಸಕ್ ಅಂತು. ಆ ಸರ್ವೆ ನಂಬರಿನಲ್ಲಿ ಈಗ ಉಳಿದಿರೋದು 48 ಗುಂಟೆ. ಅರ್ಧ ಅಂದ್ರೆ 24. ಯಾವ 24 ಯಾರದು ಅನ್ನೋದು ಕಾಗದದ ಮೇಲೆ ಎಲ್ಲೂ ಇಲ್ಲ. ಪಹಣೀಲಿ ಇಬ್ಬರ ಹೆಸರೂ ಜಂಟಿ. ರೋಡ್ ಕಡೆ ಹೋದ್ರೆ ನಮ್ಮ ಶೆಡ್ಡೂ ಹೋಯ್ತು, ಹಿಂದಿನ ತೆಂಗಿಗೆ ಗಾಡಿ ಹೋಗೋ ದಾರೀನೂ ಹೋಯ್ತು. ಮಗಳ ನರ್ಸಿಂಗ್ ಫೀಸು ಆ ಶೆಡ್ಡಿಂದಲೇ ಕಟ್ತಾ ಇರೋದು. ರಾತ್ರಿ ನಿದ್ದೆ ಬರಲಿಲ್ಲ. ಮಗ, "ಅಪ್ಪ, ದೊಡ್ಡಪ್ಪಂಗೆ ಫೋನ್ ಮಾಡಿ ಕೇಳ್ಬಿಡು" ಅಂದ. ನನ್ನ ಹತ್ರ ಅವನ ನಂಬರೇ ಇರಲಿಲ್ಲ. ನಮ್ಮನೆಯವಳು, "ಫೋನಲ್ಲಿ ಕೇಳೋ ಮಾತಲ್ಲ ಇದು, ಹೋಗ್ ಬನ್ನಿ" ಅಂದಳು.

ಭಾನುವಾರ ಬೆಳಿಗ್ಗೆ ಹಾಲು ಡೇರಿಗೆ ಹಾಕಿ, ಟಿವಿಎಸ್ ಹತ್ತಿ ಹೊರಟೆ. ದಾರಿಯುದ್ದಕ್ಕೂ ಏನು ಕೇಳಬೇಕು, ಹೆಂಗೆ ಕೇಳಬೇಕು ಅಂತ ಒಳಗೇ ಜಗಳ ಆಡ್ಕೊಂಡು ಹೋಗ್ತಾ ಇದ್ದೆ. ಆದ್ರೆ ಆ ರೋಡು ಎಂಥದ್ದು ಅಂದ್ರೆ, ಒಂದೊಂದು ಕಡೆ ಒಂದೊಂದು ನೆನಪು ಬಂದು ಜಗಳ ಮರೆಸ್ತಾ ಇತ್ತು.

ಮೊದಲು ನೆನಪಾಗಿದ್ದು ಕಿಲೋಮೀಟರ್ ಕಲ್ಲು. ನಾವು ಹುಡುಗರಾಗಿದ್ದಾಗ ಆ ಕಲ್ಲಿನ ತಲೆಗೆ ಹಸಿರು ಬಣ್ಣ ಇತ್ತು. ಹಸಿರು ಅಂದ್ರೆ ರಾಜ್ಯ ಹೆದ್ದಾರಿ. ಇದು ಆಗ ರಾಜ್ಯ ಹೆದ್ದಾರಿ 17. ಆಮೇಲೆ ಬಂಟ್ವಾಳದಿಂದ ಮಡಿಕೇರಿ, ಹುಣಸೂರು, ಮೈಸೂರು ಮೇಲೆ ಬೆಂಗಳೂರಿಗೆ ಬರೋ ರಾಷ್ಟ್ರೀಯ ಹೆದ್ದಾರಿ 275ರಲ್ಲಿ ಇದನ್ನ ಸೇರಿಸಿದ್ರು. ಹೆದ್ದಾರಿ ಕಲ್ಲಿನ ತಲೆ ಹಳದಿ ಆಯ್ತು. ಈಗ ದೊಡ್ಡ ಗಾಡಿಗಳೆಲ್ಲ ಬೈಪಾಸ್ ಹಿಡಿದ ಮೇಲೆ ಊರೊಳಗಿನ ಈ ತುಂಡಿಗೆ ಜನ ಇಟ್ಟಿರೋ ಹೆಸರು 'ಹಳೇ ರೋಡು'. ಒಬ್ಬ ಮನುಷ್ಯನ ಅರ್ಧ ಆಯಸ್ಸಿನೊಳಗೆ ಒಂದೇ ದಾರಿಗೆ ಮೂರು ಹೆಸರು.

ಬೂದನೂರು ದಾಟುವಾಗ ಅನಂತಪದ್ಮನಾಭ ದೇವಸ್ಥಾನ, ಕಾಶಿ ವಿಶ್ವನಾಥ ದೇವಸ್ಥಾನ ನೆನಪಾದ್ವು. ಎರಡೂ ಹೊಯ್ಸಳರ ಕಾಲದವು. ಹೆದ್ದಾರಿ ನಂಬರು ಬರೋಕೆ ನೂರಾರು ವರ್ಷ ಮುಂಚೆನೇ ಈ ಕಡೆ ಜನ ಓಡಾಡ್ತಾ ಇದ್ರು ಅನ್ನೋಕೆ ಬೇರೆ ಸಾಕ್ಷಿ ಬೇಕಾಗಿಲ್ಲ. 1880ರ ಆಚೀಚೆ ಬೆಂಗಳೂರು ಮೈಸೂರು ರೈಲು ಬಂತು. ರೈಲು ಹಳಿನೂ ರೋಡೂ ಅಣ್ಣ ತಮ್ಮಂದಿರ ಹಂಗೆ ಅಕ್ಕಪಕ್ಕದಲ್ಲೇ ಹೋಗ್ತವೆ, ಎಲ್ಲೋ ಒಂದೊಂದು ಕಡೆ ದೂರ ಆಗ್ತವೆ.

ಆದ್ರೆ ನಮ್ಮ ಈ ರೋಡಿಗೆ ಜೀವ ಬಂದಿದ್ದು ನೀರಿಂದ. ಕನ್ನಂಬಾಡಿ ಕಟ್ಟೆ ಕೆಲಸ ಶುರುವಾಗಿದ್ದು 1911ರಲ್ಲಿ, ಮುಗಿಯೋಕೆ ಇಪ್ಪತ್ತು ವರ್ಷ ಹಿಡೀತು. ಹುಲಿಕೆರೆ ಸುರಂಗ ಕೊರೆದು ನಾಲೆ ನೀರನ್ನ ನಮ್ಮ ಕಡೆ ತಂದ್ರು. ಆಗ ಅದಕ್ಕೆ ವೈಸ್‌ರಾಯ್ ಹೆಸರಲ್ಲಿ ಇರ್ವಿನ್ ನಾಲೆ ಅಂತಿದ್ರು, ಈಗ ವಿಶ್ವೇಶ್ವರಯ್ಯ ನಾಲೆ. ನಮ್ಮ ತಾತ ಹೇಳ್ತಿದ್ದ, ನಾಲೆ ಬರೋಕೆ ಮುಂಚೆ ಇಲ್ಲಿ ರಾಗಿ, ಹುರುಳಿ, ಕೆರೆ ಕೆಳಗೆ ಒಂಚೂರು ಭತ್ತ, ಅಷ್ಟೇ ಅಂತ. ನಾಲೆ ಬಂದ ಮೇಲೆ ಕಬ್ಬು. ಕಬ್ಬು ಬಂದ ಮೇಲೆ 1933ರಲ್ಲಿ ಮೈಷುಗರ್ ಕಾರ್ಖಾನೆ. ಆಗ ದಿವಾನರು ಮಿರ್ಜಾ ಇಸ್ಮಾಯಿಲ್. ಕಾರ್ಖಾನೆ ಮಾಡಿ ಅಂತ ಮುಂದೆ ನಿಂತವರಲ್ಲಿ ಕೃಷಿ ಇಲಾಖೆ ನೋಡ್ಕೊಂಡಿದ್ದ ಕೋಲ್ಮನ್ ಸಾಹೇಬರು ಮುಖ್ಯ. ಕೆನಡಾದಿಂದ ಬಂದವರು. 1939ರಲ್ಲಿ ಮೈಸೂರು ಜಿಲ್ಲೆಯಿಂದ ಬೇರೆ ಮಾಡಿ ಮಂಡ್ಯ ಜಿಲ್ಲೆ ಮಾಡಿದ್ರು. ನೀರು, ಕಬ್ಬು, ಕಾರ್ಖಾನೆ, ಜಿಲ್ಲೆ, ಎಲ್ಲ ಒಂದು ಹತ್ತು ವರ್ಷದೊಳಗೆ ಬಂದ್ವು. ರೋಡು ಮೊದಲೇ ಇತ್ತು. ಅದರ ಮೇಲೆ ಓಡಾಡೋಕೆ ನಮ್ಮಂಥವರಿಗೆ ಕೆಲಸ ಬಂದಿದ್ದು ಆಗ.

ನಮ್ಮಪ್ಪ ಆ ರೋಡಿನಲ್ಲಿ ಎತ್ತಿನಗಾಡೀಲಿ ಕಬ್ಬು ಹೊಡೀತಿದ್ದ. ಟೈರ್ ಗಾಡಿ, ಹಳ್ಳಿಕಾರ್ ಎತ್ತು. ಪರ್ಮಿಟ್ ಬಂದ ದಿನ ಹಗಲೆಲ್ಲ ಕಡಿದು, ಸೋಗೆ ಸವರಿ, ಲೋಡ್ ಮಾಡಿ, ಬೆಳಗಿನ ಜಾವ ಎರಡಕ್ಕೆ ಗಾಡಿ ಕಟ್ಟೋದು. ಗಾಡಿ ಕೆಳಗೆ ಲಾಟೀನು ನೇತಾಕಿರ್ತಿದ್ದ. ಅಣ್ಣ ಮುಂದೆ ಅಪ್ಪನ ಪಕ್ಕ, ನಾನು ಕಬ್ಬಿನ ಮೇಲೆ ಗೋಣಿತಾಟು ಹಾಕ್ಕೊಂಡು. ನನಗಾಗ ಹತ್ತು ವರ್ಷ, ಅಣ್ಣಂಗೆ ಹದಿನಾರು. ರೋಡಿನ ಎರಡೂ ಕಡೆ ಹುಣಸೆ, ಆಲ, ಬೇವು. ಕೊಂಬೆ ಒಂದಕ್ಕೊಂದು ಕೂಡಿಕೊಂಡು ಮೇಲೆ ಚಪ್ಪರ ಹಾಕಿದಂಗೆ. ನಾನು ಎಚ್ಚರವಾಗಿದ್ದು ಎತ್ತು ನೋಡ್ಕೋತೀನಿ ಅಂದ್ರೆ ಅಪ್ಪ ನಗೋನು. "ಎತ್ತಿಗೆ ದಾರಿ ಗೊತ್ತು ಕಣ್ಲಾ, ನೀನ್ ಮಲಿಕ್ಕೊ." ನಾನು ನಿದ್ದೇಲಿ ಉರುಳಿ ಬೀಳದಂಗೆ ಅಣ್ಣ ಒಂದು ಹಗ್ಗ ತಗೊಂಡು ನನ್ನ ಸೊಂಟಕ್ಕೆ ಕಟ್ಟಿ ಇನ್ನೊಂದು ತುದಿ ತನ್ನ ಕೈಗೆ ಸುತ್ಕೊಂಡಿರ್ತಿದ್ದ.

ಈ ಹಗ್ಗದ ವಿಷಯ ನನಗೆ ಮರೆತೇ ಹೋಗಿತ್ತು. ಅವತ್ತು ಟಿವಿಎಸ್ ಮೇಲೆ ಹೋಗುವಾಗ ನೆನಪಾಯ್ತು.

ಊರೊಳಕ್ಕೆ ಬಂದ್ರೆ ಸಂಜಯ ವೃತ್ತ. ಅಲ್ಲಿ ಕೂರದೇ ಇರೋ ರೈತ ನಮ್ಮ ಜಿಲ್ಲೇಲಿ ಇದಾನಾ? 1991ರಲ್ಲಿ ಟ್ರಿಬ್ಯುನಲ್ಲು ತಮಿಳುನಾಡಿಗೆ 205 ಟಿಎಂಸಿ ಬಿಡಿ ಅಂತ ಮಧ್ಯಂತರ ಆದೇಶ ಕೊಟ್ಟಾಗ ನನಗೆ ಇಪ್ಪತ್ತರ ಮೇಲೆ ಒಂದೆರಡು. ಅವತ್ತಿಂದ ಶುರು. 2002ರಲ್ಲಿ ಮತ್ತೆ. ಆ ವರ್ಷ ಆಗಿನ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅವರು ಬೆಂಗಳೂರಿಂದ ಇದೇ ರೋಡಿನಲ್ಲಿ ಮಂಡ್ಯದ ಕಡೆ ಪಾದಯಾತ್ರೆ ಬಂದಿದ್ರು. 2016ರಲ್ಲಿ ಮತ್ತೆ, 2023ರಲ್ಲಿ ಮತ್ತೆ. ಸರ್ ಎಂ.ವಿ. ಪ್ರತಿಮೆ ಎದುರು ಧರಣಿ, ಮಾದೇಗೌಡರ ಮಾತು, ರೋಡಿನಲ್ಲೇ ಒಲೆ ಹಚ್ಚಿ ಅಡುಗೆ. ನಾವು ಈ ತುಂಡು ರೋಡಿನಲ್ಲಿ ಕೂತ್ರೆ ಬೆಂಗಳೂರಿಗೂ ಮೈಸೂರಿಗೂ ಮಧ್ಯೆ ಗಾಡಿ ನಿಲ್ತಿದ್ವು. ವಿಧಾನಸೌಧದಲ್ಲಿ ಇರೋರಿಗೆ ಮಧ್ಯಾಹ್ನದೊಳಗೆ ಸುದ್ದಿ ಮುಟ್ಟೋದು. ಈಗ ಸಂಜಯ ವೃತ್ತದಲ್ಲಿ ಕೂತ್ರೆ ನಿಲ್ಲೋದು ಯಾರು? ನಮ್ಮೂರಿನ ಆಟೋ, ಆಸ್ಪತ್ರೆಗೆ ಹೋಗೋರು, ಸ್ಕೂಲ್ ಮಕ್ಕಳು. ಬೆಂಗಳೂರಿನ ಕಾರು ಬೈಪಾಸಿನಲ್ಲಿ ನಮ್ಮನ್ನ ನೋಡದೇನೇ ಹೋಗ್ತದೆ. ಬೈಪಾಸ್ ಬೇಡ ಅಂತ ನಾನು ಹೇಳ್ತಿಲ್ಲ. ಊರೊಳಗೆ ಲಾರಿ ಕೆಳಗೆ ಸಿಕ್ಕಿ ಸತ್ತವರನ್ನ ನಾನೂ ಹೊತ್ತಿದೀನಿ. ಆದ್ರೆ ವ್ಯಾಪಾರ ಹೋಯ್ತು ಅಂತ ಎಲ್ಲರೂ ಹೇಳ್ತಾರೆ, ನಮ್ಮ ದನಿ ಮುಟ್ಟೋ ದಾರೀನೂ ಹೋಯ್ತು ಅಂತ ಯಾರೂ ಹೇಳಲ್ಲ. ಅದಕ್ಕೆ ಬರೆದೆ.

ಇನ್ನು ನಮ್ಮ ಮನೆ ಜಗಳಕ್ಕೆ ಬರ್ತೀನಿ. 2000 ಕಳೆದ ಮೇಲೆ ಈ ರೋಡನ್ನ ನಾಲ್ಕು ಪಥ ಮಾಡಿದ್ರಲ್ಲ, ಆಗ ಆಗಿದ್ದು. ಅಪ್ಪ ತೀರಿಹೋಗಿ ನಾಲ್ಕೈದು ವರ್ಷ ಆಗಿತ್ತು. ಖಾತೆ ಹಿರೀಮಗ ಅಂತ ಅಣ್ಣನ ಹೆಸರಿಗೆ ಆಗಿತ್ತು. ನಾವು ಬಾಯಿಮಾತಲ್ಲಿ ಪಾಲು ಮಾಡ್ಕೊಂಡಿದ್ವಿ, ಕಾಗದ ಮಾಡಿರಲಿಲ್ಲ. ಸರ್ವೆ ನಂಬರು ಪೂರ್ತಿ 1 ಎಕರೆ 12 ಗುಂಟೆ. ರೋಡಿಗೆ 4 ಗುಂಟೆ ಹೋಯ್ತು, ಎರಡು ಹುಣಸೆ ಮರ ಹೋದ್ವು. ಆಗ 1894ರ ಭೂಸ್ವಾಧೀನ ಕಾಯ್ದೆ ನಡೀತಿತ್ತು. 4(1) ನೋಟಿಸು, 6(1) ನೋಟಿಸು ಅಂತ ಬರ್ತಿದ್ವು. ನೋಟಿಸು ಬಂದಿದ್ದೆಲ್ಲ ಅಣ್ಣನ ಹೆಸರಿಗೆ.

ಒಂದಿನ ಅಣ್ಣ ಒಂದು ಕಾಗದ ತಂದ, "ಇಲ್ಲೊಂದ್ ಸೈನ್ ಹಾಕ್ಲಾ, ಸರ್ವೆಗಂತೆ" ಅಂದ. ನಾನು ಗದ್ದೇಲಿ ನಾಟಿ ಮಾಡಿಸ್ತಾ ಇದ್ದೆ. ಕೈ ತೊಳ್ಕೊಂಡು ಹಾಕಿದೆ. ನಾನು ಎಸ್ಸೆಸ್ಸೆಲ್ಸಿ ಪಾಸು. ಕನ್ನಡ ಪತ್ರಿಕೆ ಮೂಲೆ ಮೂಲೆ ಬಿಡದೆ ಓದೋನು. ಆ ಒಂದು ಕಾಗದ ಓದಲಿಲ್ಲ. ಅದು ಒಪ್ಪಿಗೆ ಪತ್ರ. ಪರಿಹಾರದ ದುಡ್ಡು ಪೂರ್ತಿ ಅಣ್ಣಂಗೆ ಕೊಡೋದಕ್ಕೆ ನನ್ನದೇನೂ ತಕರಾರಿಲ್ಲ ಅಂತ. ಮರ ಸೇರಿ 78 ಸಾವಿರ ಬಂತು. ಅದರಲ್ಲಿ ಅವನು ಊರಿನ ಆ ತುದೀಲಿ ಟೈರ್ ಅಂಗಡಿ ಇಟ್ಟ. ನನಗೆ ಗೊತ್ತಾಗಿದ್ದು ಅಂಗಡಿ ಪೂಜೆ ದಿನ.

ನ್ಯಾಯ ಸೇರಿಸಿದೆ. ಊರ ಹಿರಿಯರು ಕೂತ್ರು. ನಾನು ಜೋರಾಗಿ ಮಾತಾಡಿದೆ, ಕಳ್ಳ ಅಂದೆ. ಎಲ್ಲರ ಮುಂದೆ. ಅವನು ಎದ್ದು ಹೋದ. ಕಡೆಗೆ ಪಹಣಿಗೆ ಇಬ್ಬರ ಹೆಸರೂ ಸೇರಿಸೋಕೆ ಒಪ್ಕೊಂಡ, ದುಡ್ಡು ಕೊಡಲಿಲ್ಲ. ನನ್ನ ಪಾಲು 39 ಸಾವಿರ. ಅವತ್ತಿಂದ ಮಾತು ನಿಂತಿತು. 2011ರಲ್ಲಿ ಅವ್ವ ಹೋದಾಗ ಇಬ್ಬರೂ ಮಣ್ಣು ಹಾಕಿದ್ವಿ, ತಿಥಿ ಊಟಕ್ಕೆ ಎದುರುಬದುರು ಕೂತ್ವಿ, ಮಾತಾಡಲಿಲ್ಲ.

ಹೊಸ ರೋಡು ನಮಗೆ ಒಳ್ಳೇದೂ ಮಾಡ್ತು ಅನ್ನೋದನ್ನೂ ಹೇಳ್ಬೇಕು. ನಾಲ್ಕು ಪಥ ಆದ ಮೇಲೆ ಕಾರು ಜಾಸ್ತಿ ಆದ್ವು. ನಮ್ಮನೆಯವಳು ಮೊದಲು ಒಂದು ಗೋಣಿಚೀಲದ ಮೇಲೆ ಎಳನೀರು ಇಟ್ಕೊಂಡು ಕೂತಳು, ಆಮೇಲೆ ಶೆಡ್ಡು ಹಾಕಿದ್ವಿ. ಪಕ್ಕದೂರಿನ ಆಲೆಮನೆಯಿಂದ ಬೆಲ್ಲ ತಂದು ಇಟ್ವಿ. ಶನಿವಾರ ಭಾನುವಾರ ದಿನಕ್ಕೆ ಎರಡು, ಎರಡೂವರೆ ಸಾವಿರ ವ್ಯಾಪಾರ. 2023ರ ಮಾರ್ಚ್ 12ಕ್ಕೆ ಪ್ರಧಾನಿ ಬಂದು ಹೊಸ ಹತ್ತು ಪಥದ ರಸ್ತೆ ಉದ್ಘಾಟನೆ ಮಾಡಿದ್ರು, ನಾವೂ ನೋಡೋಕೆ ಹೋಗಿದ್ವಿ. ಆರು ಪಥ ಮಧ್ಯೆ, ಎರಡೂ ಕಡೆ ಎರಡೆರಡು ಸರ್ವಿಸ್ ರಸ್ತೆ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಯಾವ ಊರೊಳಗೂ ಹೋಗಂಗಿಲ್ಲ. ಬೈಪಾಸ್ ಬಿಟ್ಟ ಮೇಲೆ ನಮ್ಮ ಶೆಡ್ಡಿನ ವ್ಯಾಪಾರ ದಿನಕ್ಕೆ ಐನೂರು ಆರುನೂರಕ್ಕೆ ಇಳೀತು. ಒಂದೊಂದು ದಿನ ಕೊಚ್ಚಿದ ಕಾಯಿಗಿಂತ ಬಾಡಿದ ಕಾಯೇ ಜಾಸ್ತಿ.

ಆ ವರ್ಷ ಆಗಸ್ಟ್ 1ರಿಂದ ಹೊಸ ರೋಡಿನ ಮುಖ್ಯ ಪಥಕ್ಕೆ ಬೈಕು, ಆಟೋ, ಟ್ರ್ಯಾಕ್ಟರ್ ಬರಂಗಿಲ್ಲ ಅಂತ ಮಾಡಿದ್ರು. ನನಗೆ ಸಿಟ್ಟು ಬಂದಿತ್ತು. ಜಮೀನು ನಮ್ಮದು, ಟ್ರ್ಯಾಕ್ಟರ್ ನಮ್ಮದಕ್ಕೆ ಜಾಗ ಇಲ್ಲ ಅಂತ. ನಮ್ಮನೆಯವಳು ಬೇರೆ ಥರ ನೋಡಿದಳು. "ಅಲ್ಲಿ ಹೋಗಂಗಿಲ್ಲ ಅಂದ್ರೆ ಅವರೆಲ್ಲ ಎಲ್ಲಿ ಹೋಗ್ಬೇಕು? ಇಲ್ಲೇ ತಾನೆ?" ಅಂದಳು. ಶೆಡ್ಡು ಮೈಸೂರಿಗೆ ಹೋಗೋ ಕಾರಿಗೆ ಕಾಣಂಗೆ ಮುಖ ಮಾಡಿತ್ತು. ಅದನ್ನ ತಿರುಗಿಸಿ, ಬೈಕು ನಿಲ್ಲಿಸೋಕೆ ಮಣ್ಣು ಹಾಕಿಸಿ ನೆಲ ಸಮ ಮಾಡಿಸಿದಳು. ಬೆಳಿಗ್ಗೆ ಐದೂವರೆಗೆ ತೆಗೀತಾಳೆ. ವಾಕಿಂಗ್ ಬರೋರು, ಶಿಫ್ಟಿಗೆ ಹೋಗೋರು, ಆಸ್ಪತ್ರೇಲಿ ರೋಗಿ ಇಟ್ಕೊಂಡಿರೋರು, ಟ್ರ್ಯಾಕ್ಟರ್ ಹುಡುಗರು. ಕಾರಿನವರು ವರ್ಷಕ್ಕೊಂದು ಸಲ ನಿಲ್ಲಿಸಿ ಹೋಗೋರು, ಇವರು ದಿನಾ ಬರೋರು. ಬೆಲ್ಲ ಅಚ್ಚಿನ ಬದಲು ಪುಡಿ ಮಾಡಿಸಿ ಅರ್ಧ ಕೆಜಿ ಪ್ಯಾಕೆಟ್ ಇಟ್ಟಳು, ನಮ್ಮ ಹಿತ್ತಲ ಸೊಪ್ಪು ಇಟ್ಟಳು. ಮೊದಲಿನಷ್ಟು ಆಗಲ್ಲ. ಆದ್ರೆ ದಿನಕ್ಕೆ ಸಾವಿರ, ಸಾವಿರದ ಇನ್ನೂರಕ್ಕೆ ಬಂದು ನಿಂತಿದೆ. ಅದಕ್ಕೇ ದಲ್ಲಾಳಿ ಮಾತು ಕೇಳಿ ನನ್ನ ಎದೆ ಅಷ್ಟು ಹೊಡ್ಕೊಂಡಿದ್ದು.

ಮಹಾವೀರ ವೃತ್ತ ದಾಟಿ, ಕಾರ್ಖಾನೆ ಕಡೆ ಹೋಗೋ ತಿರುವು ಬಂದಾಗ ಗಾಡಿ ನಿಧಾನ ಮಾಡಿದೆ. ಆಗೆಲ್ಲ ಇಲ್ಲಿಂದಲೇ ಗಾಡಿಗಳ ಸಾಲು ಶುರುವಾಗ್ತಿತ್ತು. ಒಂದೊಂದು ಸಲ ತೂಕ ಆಗೋಕೆ ಒಂದು ಹಗಲು ಒಂದು ರಾತ್ರಿ. ಕಾರ್ಖಾನೆಯ ಬೆಲ್ಲದ ವಾಸನೆ, ಎತ್ತಿನ ಗಂಜಲದ ವಾಸನೆ, ಬೀಡಿ ಹೊಗೆ. ಅಪ್ಪ ಸರದಿ ಕಾಯ್ತಾ ಗಾಡಿ ಕೆಳಗೆ ಮಲಗಿದ್ರೆ ಅಣ್ಣ ನನ್ನ ಕರ್ಕೊಂಡು ಹೋಗಿ ಒಂದು ಪ್ಲೇಟು ಇಡ್ಲಿ ತಗೊಳೋನು. ಮೂರು ನಂಗೆ, ಒಂದು ಅವನಿಗೆ. ಕಾರ್ಖಾನೆ ನಡುವೆ ಕೆಲವು ವರ್ಷ ನಿಂತಿತ್ತು, 2022ರಲ್ಲಿ ಮತ್ತೆ ಶುರು ಆಯ್ತು. ಈಗ ಟ್ರ್ಯಾಕ್ಟರು ಲಾರಿಗಳ ಸಾಲು.

ಅಣ್ಣನ ಅಂಗಡಿ ಮುಂದೆ ನಿಂತಾಗ ಹತ್ತೂವರೆ. ಬೋರ್ಡಿನ ಬಣ್ಣ ಹೋಗಿತ್ತು. ಗಾಳಿ ಹಿಡಿಯೋ ಮಿಷನ್ನು ಸುಮ್ಮನಿತ್ತು. ಅಣ್ಣ ಹಳೇ ಲಾರಿ ಟೈರಿನ ಮೇಲೆ ಕೂತು ಪೇಪರ್ ಓದ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಕನ್ನಡಕ ಎತ್ತಿ ನೋಡಿದ. ಒಂದು ನಿಮಿಷ ಇಬ್ಬರೂ ಮಾತಾಡಲಿಲ್ಲ.

"ಹಿಂದ್ಗಡೆ ಟೈರಲ್ ಗಾಳಿ ಇಲ್ಲ ನಿಂದು" ಅಂದ. ಇಪ್ಪತ್ತು ವರ್ಷ ಆದ್ಮೇಲೆ ಮೊದಲ ಮಾತು ಅದು.

ನಾನು ನೇರ ಕೇಳಿದೆ. "ಅಣ್ಣ, ರೋಡ್ ಕಡೆ ಅರ್ಧಕ್ಕೆ ಅಡ್ವಾನ್ಸ್ ಈಸ್ಕಂಡಿದೀಯಂತೆ?"

ಅವನ ಮುಖ ಕೆಂಪಾಯ್ತು. ಪೇಪರ್ ಕೆಳಗಿಟ್ಟ. "ನಾನಾ? ನೀನಲ್ವೇನ್ಲಾ ಈಸ್ಕಂಡಿರೋದು? ಮಗಳ ಫೀಸಿಗೆ ಅಂತ ನೀನೇ ಮೊದ್ಲು ಒಪ್ಕಂಡೆ, ರೋಡ್ ಕಡೆ ನಿಂದು ಅಂದೆ ಅಂತ ಸೋಮಾರ ಬಂದ್ ಹೇಳ್ಬುಟ್ಟು ಹೋದ ಅವ್ನು. ಹಿಂದ್ಗಡೆ ಅರ್ಧಕ್ಕೆ ಸೈನ್ ಹಾಕಿ ಅಂದ."

ಸೋಮವಾರ ಅವನ ಹತ್ರ, ಬುಧವಾರ ನನ್ನ ಹತ್ರ. ಒಂದೇ ಮಾತು, ಹೆಸರು ಮಾತ್ರ ಅದಲು ಬದಲು. ಇಬ್ಬರೂ ಮಾತಾಡಲ್ಲ ಅನ್ನೋದು ಅವನಿಗೆ ಯಾರೋ ಹೇಳಿದ್ದಾರೆ, ಅಷ್ಟೇ ಸಾಕಿತ್ತು. ಇಬ್ಬರೂ ಹಿಂದಿನರ್ಧ ಅಂದ್ಕೊಂಡು ಹೆದರಿ ಅಗ್ಗಕ್ಕೆ ಸೈನ್ ಹಾಕಿದ್ರೆ 48 ಗುಂಟೆನೂ ಹಿಂದಿನರ್ಧದ ರೇಟಿಗೆ ಹೋಗ್ತಿತ್ತು. ನನಗೆ ಕೈ ನಡುಗಿತು. ದಲ್ಲಾಳಿ ಮೇಲಿನ ಸಿಟ್ಟಿಗಲ್ಲ. ನಾವಿಬ್ಬರೂ ಅವನ ಮಾತನ್ನ ನಂಬಿದ್ವಲ್ಲ, ಅದಕ್ಕೆ.

ಅತ್ತಿಗೆ ಒಳಗಿಂದ ಬಂದ್ರು. ನನ್ನ ನೋಡಿ ಸೆರಗು ಬಾಯಿಗೆ ಇಟ್ಕೊಂಡ್ರು. "ಬಾಪ್ಪ, ಕೂತ್ಕೊ, ಕಾಫಿ ತತ್ತೀನಿ" ಅಂದ್ರು. ಕಾಫಿ ಕುಡೀತಾ ಅಣ್ಣ ತನ್ನ ಕಷ್ಟ ಹೇಳಿಕೊಂಡ. ಲಾರಿಯವರು ಈಗ ಈ ಕಡೆ ಬರಲ್ಲ, ಕಾರಿನವರು ಗಾಳಿ ಹಿಡಿಸೋಕೂ ನಿಲ್ಲಲ್ಲ. ಮೂರು ಹುಡುಗರು ಕೆಲಸಕ್ಕಿದ್ರು, ಈಗ ಒಬ್ಬನೂ ಇಲ್ಲ. ಮಾರ್ಬೇಕು ಅಂತ ಅವನಿಗೂ ಅನ್ಸಿತ್ತಂತೆ, ಅದನ್ನ ಮುಚ್ಚಿಡಲಿಲ್ಲ. ನಾನು ಶೆಡ್ಡು ತಿರುಗಿಸಿದ ಕಥೆ ಹೇಳಿದೆ. ಟ್ರ್ಯಾಕ್ಟರು, ಆಟೋ, ಬೈಕು ಎಲ್ಲ ಈ ರೋಡಿಗೇ ಬರ್ಬೇಕು ಈಗ, ಟ್ರ್ಯಾಕ್ಟರ್ ಟೈರಿನ ಕೆಲಸ ಇಟ್ಕೋ ಅಂದೆ. "ಜಾಕು ಬೇಕು ಅದ್ಕೆ ದೊಡ್ದು" ಅಂದ. ಯೋಚನೆ ಮಾಡ್ತಿದ್ದ.

39 ಸಾವಿರದ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನಾನು ಒಂದೇ ಹೇಳಿದೆ. "ಅಣ್ಣ, ಅವತ್ತು ಎಲ್ಲರ ಮುಂದೆ ಕಳ್ಳ ಅಂದೆ. ಅದನ್ನ ಅನ್ಬಾರ್ದಿತ್ತು." ಅವನು ರೋಡಿನ ಕಡೆ ನೋಡ್ತಾ, "ಸರ್ವೆಗೆ ಅಂತ ಸುಳ್ಳು ಹೇಳ್ಬಾರ್ದಿತ್ತು ನಾನು" ಅಂದ. ಅಷ್ಟೇ. ಇದಕ್ಕಿಂತ ಜಾಸ್ತಿ ಮಾತಾಡೋಕೆ ಇಬ್ಬರಿಗೂ ಬರಲ್ಲ.

ಹೊರಡುವಾಗ ನನ್ನ ಟಿವಿಎಸ್ಸಿನ ಹಿಂದಿನ ಚಕ್ರ ಬಿಚ್ಚಿ ನೋಡಿದ. ಸಣ್ಣ ಪಂಕ್ಚರ್ ಇತ್ತು. ಹಾಕಿ, ಗಾಳಿ ಹಿಡಿದು ಕೊಟ್ಟ. "ಎಷ್ಟು ಕೊಡ್ಲಿ?" ಅಂದೆ, ಬೇಡ ಅಂತಾನೆ ಅಂದ್ಕೊಂಡು. "ನೂರು ಕೊಡು" ಅಂದ. ಕೊಟ್ಟೆ. ದಾರೀಲಿ ಬರುವಾಗ ನಗು ತಡೆಯೋಕಾಗಲಿಲ್ಲ.

ಈಗ ನಿಮಗೆ ಹೇಳಬೇಕಾಗಿದ್ದು, ನಾಲ್ಕು ಮಾತು.

ಒಂದು, ಬಾಯಿಮಾತಿನ ಪಾಲು ಸಾಲದು. ವಿಭಾಗ ಪತ್ರ ರಿಜಿಸ್ಟರ್ ಮಾಡಿಸಿ. ಖಾತೆ ಬೇರೆ ಬೇರೆ ಆಗಬೇಕು.

ಎರಡು, ಪಹಣೀಲಿ ನಿಮ್ಮ ಹೆಸರಿನ ಮುಂದೆ ಇಷ್ಟು ಗುಂಟೆ ಅಂತ ಇದ್ರೂ ಅದು ಯಾವ ಕಡೆ ಅಂತ ಪಹಣಿ ಹೇಳಲ್ಲ. ಅದನ್ನ ಹೇಳೋದು ನಕ್ಷೆ. ಪೋಡಿಗೆ ಅರ್ಜಿ ಹಾಕಿ, ಅಳತೆ ಮಾಡಿಸಿ, ಕಲ್ಲು ನೆಡಿಸಿ. ಸರ್ವೆ ನಂಬರಿನ ಒಂದು ಭಾಗ ಮಾರೋಕೂ ಕೊಳ್ಳೋಕೂ 11ಇ ನಕ್ಷೆ ಬೇಕು. ನಕ್ಷೆ ಇಲ್ಲದೆ ಅಗ್ರಿಮೆಂಟ್ ಮಾತ್ರ ಮಾಡ್ಕೊಳೋಣ, ಅಡ್ವಾನ್ಸ್ ಇಸ್ಕೊಳಿ ಅಂತ ಯಾರಾದ್ರೂ ಬಂದ್ರೆ ಎಚ್ಚರ. ಆ ಕಾಗದ ಹಿಡ್ಕೊಂಡು ಕೋರ್ಟಿಗೆ ಹೋದ್ರೆ ನಾವು ವರ್ಷಗಟ್ಟಲೆ ಅಲೀಬೇಕು.

ಮೂರು, ರೋಡಿಗೆ, ನಾಲೆಗೆ, ಯಾವುದಕ್ಕೇ ಜಮೀನು ಹೋದ್ರೂ ನೋಟಿಸು ಖಾತೇಲಿ ಹೆಸರಿರೋರಿಗೆ ಬರುತ್ತೆ. ನಿಮ್ಮ ಹೆಸರು ಖಾತೇಲಿ ಇಲ್ಲ ಅಂದ್ರೆ ನೀವು ಅಲ್ಲಿ ಇಲ್ಲವೇ ಇಲ್ಲ. ನೋಟಿಸು ಬಂದ ಮೇಲೆ ಖಾತೆ ಸರಿ ಮಾಡಿಸೋಕೆ ಓಡಾಡೋದಕ್ಕಿಂತ ಈಗಲೇ ಮಾಡಿಸಿ.

ನಾಲ್ಕು, ಸೈನ್ ಹಾಕೋ ಮುಂಚೆ ಓದಿ. ತಂದಿರೋನು ಸ್ವಂತ ಅಣ್ಣನೇ ಆಗಿರಲಿ. ಕೈಯಲ್ಲಿ ಕೆಸರಿದ್ರೆ ತೊಳ್ಕೊಂಡು, ಕನ್ನಡಕ ಹಾಕ್ಕೊಂಡು, ಬದುವಿನ ಮೇಲೆ ಕೂತು ಓದಿ. ಓದ್ತೀನಿ ಅಂದ್ರೆ ಸಂಬಂಧ ಕೆಡಲ್ಲ. ಓದದೇ ಇದ್ದಿದ್ದಕ್ಕೆ ನಮ್ಮದು ಕೆಟ್ಟಿದ್ದು.

ಮಾರೋದೋ ಬಿಡೋದೋ ಇನ್ನೂ ತೀರ್ಮಾನ ಆಗಿಲ್ಲ. ಅಣ್ಣಂಗೆ ದುಡ್ಡಿನ ಅಡಚಣೆ ಇರೋದು ನಿಜ, ನಾನು ಕಟ್ಟಿ ಹಾಕೋಕಾಗಲ್ಲ. ಆದ್ರೆ ಮೊದಲು ಪೋಡಿ, ಆಮೇಲೆ ಮಾತು ಅಂತ ಇಬ್ಬರೂ ಒಪ್ಕೊಂಡಿದೀವಿ. ಉದ್ದಕ್ಕೆ ಸೀಳೋಣ, ಇಬ್ಬರಿಗೂ ರೋಡು ಸಿಗ್ಲಿ ಅಂತ ನಾನು ಅಂದೆ. ಅಗಲ ಕಮ್ಮಿ ಆಗುತ್ತೆ ಅಂದ. ಅಳತೆಯವರು ಬಂದಾಗ ನೋಡೋಣ ಅಂತ ಬಿಟ್ಟಿದೀವಿ. ಗುರುವಾರ ಅರ್ಜಿ ಕೊಡೋಕೆ ಬರ್ತೀನಿ ಅಂದಿದಾನೆ. ಬಂದ್ರೆ ಆಚೆಯಿಂದ ಅವನು, ಈಚೆಯಿಂದ ನಾನು, ಅದೇ ಹಳೇ ರೋಡಿನಲ್ಲಿ ಬರ್ಬೇಕು. ಅವನ ನಂಬರು ಈಗ ನನ್ನ ಫೋನಿನಲ್ಲಿದೆ.

ಶೆಡ್ಡಿಗೆ ವಾಪಸ್ ಬಂದಾಗ ಮಧ್ಯಾಹ್ನ. ನಮ್ಮನೆಯವಳು ಏನೂ ಕೇಳಲಿಲ್ಲ, ಮುಖ ನೋಡಿ ಒಂದು ಎಳನೀರು ಕೊಚ್ಚಿ ಕೊಟ್ಟಳು.

ಗುರುವಾರ ಏನಾಯ್ತು ಅಂತ ಬರೀತೀನಿ. ಪೋಡಿ ಮಾಡಿಸಿರೋರು ಎಷ್ಟು ದಿನ ಹಿಡೀತು, ಏನೇನು ಕಾಗದ ಕೇಳಿದ್ರು ಅಂತ ತಿಳಿಸಿ, ನಮಗೂ ಉಪಯೋಗ ಆಗುತ್ತೆ. ನಾಡಿದ್ದು ನೀರಿನ ಸರದಿ ನಮ್ಮದು. ಮೇಲಿನ ಗದ್ದೆಯವರು ದಯವಿಟ್ಟು ರಾತ್ರಿ ಮಡೆ ಕಟ್ಟಬೇಡಿ.